ಮೂರನೇ ಬೆಂಚಿನ ಮಗು

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಹಲ್ಲಿನ ಡಾಕ್ಟರು ಎಂದೇ ಕರೆಯುತ್ತಿದ್ದರು. ಒಮ್ಮೆ ಹೊಸದಾಗಿ ಬಂದ ಬಾಡಿಗೆಯವರೊಬ್ಬರು ದವಡೆ ಊದಿಸಿಕೊಂಡು ನಿಜವಾಗಿಯೇ ಬಂದು ಬಾಗಿಲು ತಟ್ಟಿದ್ದರು. ಅವನು ಕೊರೆಯುತ್ತಿದ್ದದ್ದು ಹಿತ್ತಾಳೆಯ ಹಲ್ಲು. ಕಡಿದಾದ ಬೆಟ್ಟ ಹತ್ತುವ ಕಿರು ರೈಲುಗಳಿಗೆ ಎರಡು ಹಳಿಗಳ ನಡುವೆ ಹಲ್ಲುಪಟ್ಟಿಯೊಂದು ಓಡುತ್ತದೆ. ಎಂಜಿನ್ನಿನ ಹೊಟ್ಟೆಯಡಿಯ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಮೇಲೇರುತ್ತದೆ. ಅಂಥ ರೈಲುಗಳನ್ನು ಎಂಬತ್ತೇಳು ಪಟ್ಟು ಕುಗ್ಗಿಸಿ, ಮೇಜಿನ ಮೇಲೆ ಓಡುವ ಹಾಗೆ ಮಾಡಿಕೊಡುವುದು ಅವನ ಕಸುಬು. ಆ ಅಳತೆಯಲ್ಲಿ ಒಂದು ಹಲ್ಲು ಎಳ್ಳಿಗಿಂತ ಸಣ್ಣದು. ಒಂದೇ ಒಂದು ಹಲ್ಲು ಕೂದಲೆಳೆಯಷ್ಟು ಆಚೀಚೆಯಾದರೂ ಎಂಜಿನ್ನು ಅಲ್ಲಿಗೆ ಬಂದು ಮುಗ್ಗರಿಸಿ, ಹಳಿ ಬಿಟ್ಟು ಮೇಲೆದ್ದು, ಹಿಂದಕ್ಕೆ ಜಾರಿಬಿಡುತ್ತದೆ. ಆಗ ಅವನು ಭೂತಗನ್ನಡಿ ಹಿಡಿದು ಆ ಹಲ್ಲು ಯಾವುದೆಂದು ಹುಡುಕುತ್ತ ಅರ್ಧ ದಿನ ಕಳೆಯುತ್ತಿದ್ದ.

ಆ ರೈಲುಗಳಲ್ಲಿ ಜನರನ್ನು ಕೂರಿಸುವವಳು ಅವನ ಹೆಂಡತಿ ಚುಕ್ಕಿ. ಜನ ಅಂದರೆ ಎರಡು ಸೆಂಟಿಮೀಟರ್ ಎತ್ತರದವರು. ಮೂರೇ ಮೂರು ಕೂದಲಿರುವ ಕುಂಚದಲ್ಲಿ ಅವರಿಗೆ ಅಂಗಿ, ಟೋಪಿ, ಮೂಗಿನ ನೆರಳು ಎಲ್ಲ ಬರೆಯುತ್ತಿದ್ದಳು. ‘ಮುಖ ಅಂದ್ರೆ ಎರಡು ಚುಕ್ಕೆ, ಒಂದು ಗೆರೆ. ಉಳಿದದ್ದು ನೋಡೋರ ದೊಡ್ಡತನ’ ಎಂದು ಗಿರಾಕಿಗಳಿಗೆ ಹೇಳುವಳು. ಚುಕ್ಕಿ ಎಂಬ ಹೆಸರು ಅವಳಿಗೆ ಈ ಕೆಲಸದಿಂದ ಬಂದದ್ದಲ್ಲ, ಅವಳ ಅಮ್ಮ ಇಟ್ಟದ್ದು. ಹುಟ್ಟುವಾಗಲೇ ಅವಳ ಹಣೆಯ ಮೇಲೆ ಬೆರಳಗಲದ ಕೂದಲು ಹಾಲಿನಂತೆ ಬೆಳ್ಳಗಿತ್ತು. ಬುದ್ಧಿ ಬಂದಾಗಿನಿಂದ ಅದನ್ನು ಹೊರಗಿನ ಯಾರೂ ನೋಡಿದ್ದಿಲ್ಲ. ತಿಂಗಳಿಗೊಮ್ಮೆ ಕಪ್ಪು ಹಚ್ಚುವುದನ್ನು ಚಿಕ್ಕಮ್ಮ ಅವಳಿಗೆ ಹಲ್ಲುಜ್ಜುವುದನ್ನು ಕಲಿಸಿದಷ್ಟೇ ಖಡಾಖಂಡಿತವಾಗಿ ಕಲಿಸಿದ್ದಳು. ಜನ ನೋಡ್ತಾರೆ ಎಂಬುದಷ್ಟೇ ಕಾರಣ.

ಚುಕ್ಕಿಯನ್ನು ಸಾಕಿದವಳು ಆ ಚಿಕ್ಕಮ್ಮ. ಅಪ್ಪ ಅವಳು ಅಂಬೆಗಾಲಿಡುವ ಮೊದಲೇ ಜ್ವರದಲ್ಲಿ ಹೋಗಿದ್ದ. ಅಮ್ಮ ಬೆಟ್ಟದ ಮೇಲಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಕೇಳಲು ಒಬ್ಬಳೇ ರೈಲು ಹತ್ತಿದ್ದಳು. ಆ ದಿನವೇ ರೈಲು ಕಣಿವೆಗೆ ಬಿತ್ತು. ಮಗುವನ್ನು ನೋಡಿಕೊಂಡು ಚಿಕ್ಕಮ್ಮ ಮನೆಯಲ್ಲಿದ್ದಳು. ಚುಕ್ಕಿ ಕೇಳಿ ಬೆಳೆದ ಕತೆ ಇಷ್ಟೇ. ಇದನ್ನು ಅವಳು ಯಾವತ್ತೂ ಅನುಮಾನಿಸಿರಲಿಲ್ಲ.

ಒಂದು ಬೆಳಿಗ್ಗೆ ಎತ್ತರದ ಮುದುಕರೊಬ್ಬರು ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. ಅವರ ಎಡ ಭುಜ ಬಲಕ್ಕಿಂತ ಕೆಳಗೆ ಇಳಿದಿತ್ತು. ಕುರ್ಚಿ ಎಳೆದುಕೊಟ್ಟರೂ ಕೂರದೆ, ಹಲಗೆಯ ಮೇಲೆ ಓಡುತ್ತಿದ್ದ ಪುಟ್ಟ ಎಂಜಿನ್ನನ್ನೇ ನೋಡುತ್ತ ನಿಂತರು.

“ಹಿಂಭಾಗ ಎತ್ತಿ ಮಾಡಿದೀರಿ. ಸರಿಯಾಗಿದೆ,” ಎಂದರು. ಬೆಟ್ಟದಲ್ಲಿ ಬಾಯ್ಲರಿನ ನೀರು ಒಂದೇ ಮಟ್ಟದಲ್ಲಿರಲಿ ಎಂದು ಇಂಥ ಎಂಜಿನ್ನುಗಳ ಮುಸುಡಿಯನ್ನು ಕೆಳಕ್ಕೆ ಬಾಗಿಸಿರುತ್ತಾರೆ. ಸಮತಟ್ಟಿನಲ್ಲಿ ನಿಂತಾಗ ಮಂಡಿಯೂರಿದ ದನದ ಹಾಗೆ ಕಾಣುತ್ತದೆ. “ನನಗೊಂದು ಬೇಕಾಗಿತ್ತು. ಮುಚ್ಚಿ ಹೋಯ್ತಲ್ಲ, ನಮ್ಮ ಬೆಟ್ಟದ್ದು. ಒಂದು ಎಂಜಿನ್ನು, ಮೂರು ಬೆಂಚಿನ ಒಂದು ಬೋಗಿ. ನಡುವಿನ ಸ್ಟೇಷನ್ನಿನಲ್ಲಿ ನಿಂತಿರಬೇಕು. ಜನ ಎಲ್ಲ ಕೂತಿರಬೇಕು.”

“ಜನ ಯಾರಾದ್ರೂ ಆಗುತ್ತಾ?” ಎಂದ ಹಲ್ಲಿನ ಡಾಕ್ಟರು.

“ಇಲ್ಲ. ಅವತ್ತು ಕೂತಿದ್ದವರೇ ಆಗಬೇಕು. ನಾನು ಆ ಬೋಗಿಯ ಗಾರ್ಡು. ಬಿದ್ದ ದಿನ ನಾನಿದ್ದೆ.” ಅವರು ಕೋಲನ್ನು ಇನ್ನೊಂದು ಕೈಗೆ ಬದಲಿಸಿದರು. “ಬಿದ್ದದ್ದನ್ನ ಮಾಡೋದು ಬೇಡ. ಅದನ್ನ ಎಲ್ಲರೂ ನೋಡಿದಾರೆ. ಹೊರಡೋಕೆ ಮುಂಚೆ ಹೇಗಿದ್ರೋ ಹಾಗೆ ಮಾಡಿಕೊಡಿ. ಬಟ್ಟೆ, ಬಣ್ಣ, ಯಾರು ಎಲ್ಲಿ ಅನ್ನೋದೆಲ್ಲ ನಾನು ಹೇಳ್ತೀನಿ. ತಲೇಲಿದೆ.”

ಹಲ್ಲಿನ ಡಾಕ್ಟರು ಹೆಂಡತಿಯ ಕಡೆ ಕಣ್ಣು ಹಾಯಿಸಿದ. ಚುಕ್ಕಿ ತಲೆ ಎತ್ತದೆ, ಒಬ್ಬ ಹೂ ಮಾರುವವನ ಬುಟ್ಟಿಗೆ ಕೆಂಪು ಇಡುತ್ತಿದ್ದಳು. ಗಾರ್ಡು ಹೋದ ಮೇಲೆ ಅವನು ಅವಳ ಪಕ್ಕ ಬಂದು ನಿಂತ.

“ಬೇಡ ಅಂದುಬಿಡಲಾ?”

“ಯಾಕ್ರೀ? ಅಮ್ಮ ಎಲ್ಲಿ ಕೂತಿದ್ದಳು ಅಂತಾದರೂ ತಿಳಿಯುತ್ತೆ. ಚಿಕ್ಕಮ್ಮನ್ನ ಕೇಳೋಣ ಅಂದ್ರೆ ಅವಳು ಮನೇಲಿದ್ದವಳು, ಅವಳಿಗೇನು ಗೊತ್ತು?”

“ಹಾಗಾದ್ರೆ ನೀನು ಯಾರು ಅಂತ ಅವರಿಗೆ ಹೇಳಿಬಿಡೋಣ.”

“ಬೇಡ. ಹೇಳಿದ್ರೆ ನನಗೆ ಸಮಾಧಾನ ಆಗೋ ಥರ ಹೇಳ್ತಾರೆ. ಸುಮ್ಮನಿದ್ರೆ ಇದ್ದದ್ದು ಹೇಳ್ತಾರೆ.”

ಅಂದಿನಿಂದ ಗಾರ್ಡು ವಾರಕ್ಕೊಮ್ಮೆ ಬರತೊಡಗಿದರು. ಹಲ್ಲಿನ ಡಾಕ್ಟರು ಒಂದು ಮೂಲೆಯಲ್ಲಿ ಬೋಗಿಯ ಕಂಬಗಳನ್ನು ಬೆಸೆಯುತ್ತಿದ್ದರೆ, ಇನ್ನೊಂದು ಮೂಲೆಯಲ್ಲಿ ಗಾರ್ಡು ಕಣ್ಣು ಮುಚ್ಚಿ ಕೂತು ಜನರನ್ನು ಒಬ್ಬೊಬ್ಬರಾಗಿ ಕರೆತರುತ್ತಿದ್ದರು. ಮೊದಲನೇ ಬೆಂಚಿನಲ್ಲಿ ಕೊಡೆಯನ್ನು ಮಂಡಿಗಳ ನಡುವೆ ಇರುಕಿಕೊಂಡ ಮೇಷ್ಟ್ರು. ಅವರ ಪಕ್ಕದಲ್ಲಿ, ಹೊಸ ಬೂಟು ಕಚ್ಚುತ್ತದೆಂದು ಒಂದು ಕಾಲಿನದನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡವನು. ಎರಡನೆಯದರಲ್ಲಿ, ಮನೆಯಿಂದಲೇ ಜಗಳ ತಂದಿದ್ದ ಗಂಡ ಹೆಂಡತಿ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು ಬೇರೆ ಬೇರೆ ದಿಕ್ಕು ನೋಡುತ್ತಿದ್ದರು. “ಆ ಜಾಗ ಹಾಗೇ ಇರಲಿ ತಾಯಿ, ಹತ್ತಿರ ಕೂರಿಸಬೇಡ,” ಎಂದರು ಗಾರ್ಡು. ಇವರಲ್ಲಿ ಯಾರು ಸತ್ತರು, ಯಾರು ಉಳಿದರು ಎಂದು ಅವರು ಹೇಳಲಿಲ್ಲ. ಚುಕ್ಕಿ ಕೇಳಲಿಲ್ಲ. ಅವಳು ಕಂದು ಕೋಟಿನ ಒಬ್ಬ ಹೆಂಗಸಿಗಾಗಿ ಕಾಯುತ್ತಿದ್ದಳು. ಅಮ್ಮನ ಒಂದೇ ಒಂದು ಫೋಟೋದಲ್ಲಿ ಅವಳು ಆ ಕೋಟು ತೊಟ್ಟಿದ್ದಳು. ಅದರ ಬಣ್ಣ ಕಂದು ಎಂದು ಚಿಕ್ಕಮ್ಮ ಹೇಳಿದ್ದಳು.

ಮೂರನೇ ಬೆಂಚಿನ ದಿನ ಬಂತು.

“ಇದು ಕೊನೇ ಬೆಂಚು. ನಾನು ಬ್ರೇಕ್ ಚಕ್ರ ಹಿಡಿದು ನಿಲ್ಲೋ ಜಾಗ ಇದರ ಬೆನ್ನಿಗೇ,” ಎಂದು ಗಾರ್ಡು ಶುರು ಮಾಡಿದರು. “ಕಿಟಕಿ ಕಡೆ ಒಬ್ಬ ಹೆಣ್ಣುಮಗಳು. ಕಂದು ಕೋಟು. ಮೇಲಿನ ಗುಂಡಿ ಮಾತ್ರ ಬೇರೆ ಬಣ್ಣ, ಕಿತ್ತುಹೋಗಿದ್ದಕ್ಕೆ ಯಾವುದೋ ಹೊಲಿದಿದ್ದಳು. ಕಾಲಡಿ ತಗಡಿನ ಪೆಟ್ಟಿಗೆ.”

ಚುಕ್ಕಿ ಈ ಗಳಿಗೆಗೆ ತನ್ನನ್ನು ತಾನು ಎಷ್ಟೋ ದಿನಗಳಿಂದ ಸಿದ್ಧ ಮಾಡಿಕೊಂಡಿದ್ದಳು. ಕಂದು ತೆಗೆದುಕೊಂಡಳು, ಅದಕ್ಕೊಂದು ಹನಿ ಕಪ್ಪು ಬೆರೆಸಿದಳು.

“ಮಡಿಲಲ್ಲಿ ಮಗು,” ಎಂದರು ಗಾರ್ಡು.

“ಆಕೆಯ ಮಡಿಲಲ್ಲಾ?”

“ಹೂಂ.”

“ಆಕೆ ಒಬ್ಬಳೇ ಇರಬೇಕಲ್ಲ.”

ಗಾರ್ಡು ಕಣ್ಣು ತೆರೆದರು. “ನೀನೂ ಹಾಗೇ ಅಂತೀಯಾ? ಎಲ್ಲರೂ ಹಾಗೇ ಅಂದ್ರು. ವಿಚಾರಣೆ ಮಾಡಿದವರು ಅಂದ್ರು, ಆಸ್ಪತ್ರೆ ಡಾಕ್ಟರು ಅಂದ್ರು. ಸತ್ತವರಲ್ಲಿ ಮಗು ಇಲ್ಲ, ಗಾಯ ಆದವರಲ್ಲಿ ಮಗು ಇಲ್ಲ, ಮಗು ಕಳೆದಿದೆ ಅಂತ ಕೇಳಿಕೊಂಡು ಬಂದವರೂ ಇಲ್ಲ. ನಿನಗೆ ತಲೆಗೆ ಪೆಟ್ಟು ಬಿದ್ದಿತ್ತಪ್ಪ, ನೀನು ಎಸೆದದ್ದು ಬಟ್ಟೆ ಮೂಟೆ ಇರಬೇಕು ಅಂದ್ರು.”

“ಎಸೆದದ್ದು?”

“ಎಂಜಿನ್ನು ಕೆಳಗಿಂದ ತಳ್ಳುತ್ತಲ್ಲ, ಅದರ ಹಲ್ಲು ಜಾರಿ ಹಿಂದಕ್ಕೆ ಹೊರಟಿತು. ಜೊತೆಗೆ ಬೋಗಿನೂ. ನಾನು ಬ್ರೇಕ್ ತಿರುಗಿಸಿದೆ. ಒಂದು ಗಳಿಗೆ ಅದು ಕಚ್ಚಿಕೊಂಡಿತು, ಬೋಗಿ ಇನ್ನೇನು ನಿಂತೇಬಿಡುತ್ತೆ ಅನ್ನೋ ಹಾಗೆ ನಿಧಾನ ಆಯ್ತು. ಆಕೆ ಏಳೋಕೆ ನೋಡಿದಳು. ಆ ಪೆಟ್ಟಿಗೆ ಜಾರಿ ಬಂದು ಅವಳ ಕಾಲನ್ನ ಬೆಂಚಿಗೆ ಒತ್ತಿಬಿಟ್ಟಿತ್ತು. ಮಗೂನ ಬೆಂಚಿನ ಮೇಲಿಂದ ನನಗೆ ಚಾಚಿದಳು. ಬಲಗೈ ಬ್ರೇಕಿನ ಮೇಲಿತ್ತು, ಅದನ್ನ ಬಿಡೋ ಹಾಗಿರಲಿಲ್ಲ. ಎಡಗೈಯಲ್ಲಿ ಈಸಿಕೊಂಡು ದಿಬ್ಬದ ಪೊದೆ ಕಡೆ ಎಸೆದೆ. ಆಮೇಲೆ ಬ್ರೇಕಿನ ಹಲ್ಲೂ ಮುರೀತು.” ಅವರು ಇಳಿದ ಭುಜವನ್ನು ನೇವರಿಸಿಕೊಂಡರು. “ಬಟ್ಟೆ ಮೂಟೆಗೆ ಕೂದಲಿರುತ್ತಾ ತಾಯಿ? ಆ ಮಗೂಗೆ ಎಲ್ಲಿಯೂ ಇಲ್ಲದ ಕೂದಲು. ಇಲ್ಲಿ, ಹಣೆ ಮೇಲೆ, ಒಂದು ಗೊಂಚಲು ಪೂರ್ತಿ ಬಿಳಿ. ಕೈಗೆ ಬಂದಾಗ ನನ್ನ ಮೂಗಿಗೆ ತಾಗಿದ್ದು ಅದೇ. ನೀನು ನಂಬದಿದ್ರೂ ಪರವಾಗಿಲ್ಲ. ಬಿಳಿ ಮಾತ್ರ ಹಚ್ಚು.”

ಮೂಲೆಯಲ್ಲಿ ಬೆಸುಗೆ ಕಡ್ಡಿಯ ಸದ್ದು ನಿಂತಿತ್ತು. ಹಲ್ಲಿನ ಡಾಕ್ಟರು ಗರ ಬಡಿದವನಂತೆ ಹೆಂಡತಿಯ ತಲೆಯನ್ನೇ ನೋಡುತ್ತಿದ್ದ. ಚುಕ್ಕಿ ಕುಂಚವನ್ನು ತೊಳೆದಳು, ಬಿಳಿಯಲ್ಲಿ ಅದ್ದಿದಳು, ಕಾಳಿನಷ್ಟಿದ್ದ ಮಗುವಿನ ತಲೆಗೆ ಒಮ್ಮೆ ತಾಗಿಸಿದಳು. ಅದು ಕೈ ಮಾಡಿದ ಕೆಲಸ. ತಾನು ಅದನ್ನು ಮಾಡಿದೆನೆಂಬುದು ಆಮೇಲೆ ಅವಳಿಗೆ ನೆನಪಿರಲಿಲ್ಲ.

“ಹಾಗೇ ಇತ್ತು,” ಎಂದರು ಗಾರ್ಡು, ಬಗ್ಗಿ ನೋಡಿ. “ಆಕೆ ಪಕ್ಕದಲ್ಲಿ ಇನ್ನೊಬ್ಬಳಿದ್ದಳು. ಅವಳನ್ನ ಮುಂದಿನ ಸಲ ಹೇಳ್ತೀನಿ. ಇವತ್ತಿಗೆ ಸಾಕು.”

ಅವರು ಮೆಟ್ಟಿಲಿಳಿದು ಹೋದರು. ಚುಕ್ಕಿ ಎದ್ದು ಬಚ್ಚಲಿನ ಕನ್ನಡಿಯ ಮುಂದೆ ನಿಂತಳು. ಹಣೆಯ ಕೂದಲನ್ನು ಎರಡು ಬೆರಳಲ್ಲಿ ಸೀಳಿದಳು. ಬುಡದಲ್ಲಿ, ಕಪ್ಪು ಮುಗಿಯುವ ಕಡೆ, ಅಕ್ಕಿಯ ಉದ್ದದ ಬಿಳಿ ಹೊಸದಾಗಿ ಬೆಳೆದಿತ್ತು.

“ಚುಕ್ಕಿ, ಇಂಥ ಕೂದಲು ಇನ್ನೂ ಎಷ್ಟೋ ಜನಕ್ಕೆ ಇರುತ್ತೆ,” ಎಂದ ಅವನು ಬಾಗಿಲಲ್ಲಿ ನಿಂತು. ಅವನ ದನಿಯೇ ಅದನ್ನು ನಂಬಿರಲಿಲ್ಲ.

“ನಮ್ಮಮ್ಮನ ಮಡಿಲಲ್ಲಿ ಎಷ್ಟು ಜನ ಇರ್ತಾರೆ?” ಎಂದು ಕೇಳಿ ಅವಳು ಚಪ್ಪಲಿ ಮೆಟ್ಟಿದಳು.

ಚಿಕ್ಕಮ್ಮನ ಇಸ್ತ್ರಿ ಅಂಗಡಿ ಎರಡು ಬೀದಿಗಳಾಚೆ. ಗೋಡೆಯುದ್ದಕ್ಕೂ ತೂಗುಹಾಕಿದ ಅಂಗಿಗಳು, ನೀರು ಚಿಮುಕಿಸಿದ ಬಟ್ಟೆಯ ಬಿಸಿ ವಾಸನೆ. ಊರಿನ ಯಾರ ಕಾಲರು ಎಷ್ಟು ಸವೆದಿದೆ, ಯಾರ ಜೇಬಿನಲ್ಲಿ ಯಾರ ಕರವಸ್ತ್ರ ಸಿಕ್ಕಿತು ಎಂಬುದೆಲ್ಲ ಅವಳಿಗೆ ಗೊತ್ತು. ಬಾಯಿ ಮಾತ್ರ ಬೀಗ. ಈ ಗುಣಕ್ಕೇ ಊರು ಅವಳನ್ನು ಮೆಚ್ಚಿಕೊಂಡಿತ್ತು.

“ಏನೇ, ಹೊತ್ತಲ್ಲದ ಹೊತ್ತಲ್ಲಿ? ಅಳಿಯಂದಿರು ಮತ್ತೆ ಅಂಗಿ ಸುಟ್ಟುಕೊಂಡ್ರಾ?” ಎಂದಳು ತಲೆ ಎತ್ತದೆ.

“ಚಿಕ್ಕಮ್ಮ, ಅಮ್ಮ ಸತ್ತ ದಿನ ನಾನೆಲ್ಲಿದ್ದೆ?”

“ಎಷ್ಟು ಸಲ ಹೇಳೋದು? ಮನೇಲಿ. ನನ್ನ ಹತ್ರ.”

“ಆ ಬೋಗಿ ಗಾರ್ಡು ನಮ್ಮನೆಗೆ ಬರ್ತಿದಾರೆ.”

ಚಿಕ್ಕಮ್ಮನ ಕೈ ನಿಲ್ಲಲಿಲ್ಲ. ಹಿಡಿದಿದ್ದ ಅಂಗಿಯ ತೋಳನ್ನು ಪೂರ್ತಿ ಇಸ್ತ್ರಿ ಮಾಡಿದಳು, ಕಾಲರು ತಿರುವಿದಳು, ಮಡಿಚಿದಳು, ಕಟ್ಟಿನ ಮೇಲೆ ಇಟ್ಟಳು. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ತಂತಿ ಕಿತ್ತಳು. “ಅವನು ಸತ್ತ ಅಂತ ಯಾರೋ ಅಂದಿದ್ರು,” ಎಂದಳು.

ಚುಕ್ಕಿ ದಾರಿಯುದ್ದಕ್ಕೂ ಬೇರೆ ಉತ್ತರಕ್ಕಾಗಿ ಕಾದಿದ್ದಳು. ಯಾರೋ ಮುದುಕ, ಏನೋ ಬಡಬಡಿಸುತ್ತಾನೆ, ಹೋಗಿ ಕೆಲಸ ನೋಡು ಎಂದು ಚಿಕ್ಕಮ್ಮ ರೇಗುತ್ತಾಳೆಂದು, ರೇಗಲಿ ಎಂದು ಕಾದಿದ್ದಳು.

“ನಿನ್ನ ಕೂದಲ ವಿಷಯ ಹೇಳಿದನಾ?”

“ಹೇಳಿದ್ರು.”

“ನನ್ನ ವಿಷಯ?”

“ನಿನ್ನ ವಿಷಯ ಯಾಕೆ ಹೇಳ್ತಾರೆ?”

ಚಿಕ್ಕಮ್ಮ ಬಟ್ಟೆ ಗಂಟುಗಳ ಮೇಲೆಯೇ ಕೂತುಬಿಟ್ಟಳು. ಗಿರಾಕಿಗಳ ಬಟ್ಟೆಯ ಮೇಲೆ ಅವಳು ಕೂತದ್ದನ್ನು ಚುಕ್ಕಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ಮೂರು ಜನಾನೂ ಹೋಗಿದ್ವಿ. ಅಕ್ಕ ಒಬ್ಬಳೇ ಹೋಗೋದು ಅಂತಿತ್ತು, ಅಕ್ಕಪಕ್ಕದವರಿಗೆಲ್ಲ ಹಾಗೇ ಹೇಳಿದ್ವಿ. ಬೆಳಿಗ್ಗೆ ನೀನು ಅತ್ತು ರಂಪ ಮಾಡಿದೆ, ನನಗೂ ರೈಲು ನೋಡೋ ಆಸೆ. ನಡೀರಿ ಎಲ್ಲರೂ ಅಂದಳು. ಅವಳು ಕಿಟಕಿ ಕಡೆ, ನಾನು ಬಾಗಿಲ ಕಡೆ. ಆ ಬೋಗಿಗೆ ಬಾಗಿಲು ಅಂದ್ರೆ ಒಂದು ಚರ್ಮದ ಪಟ್ಟಿ ಅಷ್ಟೇ. ಹಿಂದಕ್ಕೆ ಹೊರಟಿತು ಅಂತ ಗೊತ್ತಾದ ತಕ್ಷಣ ನಾನು ಹಾರಿಬಿಟ್ಟೆ. ಎಲ್ಲರಿಗಿಂತ ಮೊದಲು. ಅಕ್ಕಾ ಅನ್ನಲಿಲ್ಲ. ನಿನ್ನ ಕೈ ಹಿಡೀಲಿಲ್ಲ. ನೀನು ನನ್ನ ಪಕ್ಕದಲ್ಲೇ ಇದ್ದೆ, ನಿನ್ನ ಕಾಲು ನನ್ನ ತೊಡೆ ಮೇಲಿತ್ತು. ಆ ಕಾಲನ್ನ ತಳ್ಳಿ ಹಾರಿದೆ.”

ಹೊರಗೆ ಯಾರೋ ಬಟ್ಟೆ ಆಯ್ತಾ ಎಂದು ಕೇಳಿದರು. ನಾಳೆ ಬನ್ನಿ ಎಂದು ಚುಕ್ಕಿ ಹೇಳಿದಳು. ತನ್ನ ದನಿ ಬೇರೆ ಯಾರದೋ ಎನ್ನಿಸಿತು.

“ಪೊದೇಲಿ ಬಿದ್ದು ಎದ್ದೆ. ಆಮೇಲೆ ನೋಡಿದ್ರೆ ಪಕ್ಕದಲ್ಲಿ ನೀನು ಅಳ್ತಾ ಬಿದ್ದಿದ್ದೆ. ನೀನು ಹೇಗೆ ಬಂದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೆಳಗೆ ಸದ್ದು ಕೇಳಿಸಿತು. ನಿನ್ನ ಎತ್ತಿಕೊಂಡು ಸರಕು ಹೊರೋರ ಕಾಲುದಾರಿ ಹಿಡಿದು ನಡೆದೇ ನಡೆದೆ. ಮನೆ ಸೇರಿ ಇನ್ನೂ ನೀರು ಕುಡಿದಿರಲಿಲ್ಲ, ಪಕ್ಕದ ಮನೆಯವರು ಓಡಿ ಬಂದ್ರು. ನಿಮ್ಮಕ್ಕ ಹೋದಳಂತೆ, ಸದ್ಯ ನೀವಿಬ್ಬರು ಮನೇಲಿದ್ರಿ, ಪುಣ್ಯ ಅಂದ್ರು. ನಾನು ಹೂಂ ಅಂದೆ.” ಚಿಕ್ಕಮ್ಮ ಕೈ ಬಿಡಿಸಿ ನೋಡಿಕೊಂಡಳು. “ಅಷ್ಟೇ ಕಣೇ. ಸುಳ್ಳು ನಾನು ಹೇಳಲಿಲ್ಲ, ಅವರೇ ಕೈಗೆ ಕೊಟ್ರು. ಒಂದು ಹೂಂ. ಆಮೇಲೆ ಅದನ್ನ ವಾಪಸ್ ತಗೊಳ್ಳೋ ದಾರಿ ಸಿಗಲಿಲ್ಲ.”

“ಮಗುವಾಗಿದ್ದಾಗ ನನ್ನ ಕುತ್ತಿಗೆ ಬುಡದ ಮೂಳೆ ಮುರಿದಿತ್ತಲ್ಲ, ಅದು?”

“ಮಂಚದಿಂದ ಬಿದ್ದಳು ಅಂತ ಡಾಕ್ಟರಿಗೆ ಹೇಳಿದೆ. ಅದೇ ಆಸ್ಪತ್ರೇಲಿ ಅವನೂ ಮಲಗಿದ್ದ. ಬಿಳಿ ಕೂದಲ ಮಗು ಎಲ್ಲಿ, ಬಿಳಿ ಕೂದಲ ಮಗು ಎಲ್ಲಿ ಅಂತ ಬಂದವರನ್ನೆಲ್ಲ ಕೇಳ್ತಿದಾನೆ ಅಂತ ನರ್ಸು ಹೇಳಿದಳು. ನಿನ್ನ ತಲೆಗೆ ಕುಲಾವಿ ಇತ್ತು, ಅವಳಿಗೆ ಕಾಣಲಿಲ್ಲ. ಮನೆಗೆ ಬಂದು ಮೊದಲು ಮಾಡಿದ ಕೆಲಸ ಅಂದ್ರೆ ನಿನ್ನ ತಲೆಗೆ ಕಪ್ಪು ಹಚ್ಚಿದ್ದು.”

ಚುಕ್ಕಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ತನ್ನದೇ ಮೂಳೆ, ತನ್ನದೇ ಕೂದಲು, ತನ್ನದೇ ಅಮ್ಮನ ಕೊನೆಯ ಗಳಿಗೆ. ಇವೆಲ್ಲ ಇಷ್ಟು ವರ್ಷ ಬೇರೆಯವರ ಮನೆಯಲ್ಲಿ ಒತ್ತೆಯಿದ್ದವು ಎನ್ನುವಂತಿತ್ತು. ಅವಳು ಹೊರಟಳು. ಬಾಗಿಲ ಹತ್ತಿರ ನಿಂತು, “ಅವರು ಮುಂದಿನ ವಾರ ನಿನ್ನ ವಿಷಯ ಹೇಳ್ತಾರಂತೆ. ನೀನೂ ಬಾ,” ಎಂದಳು.

“ನಾನು ಸತ್ತರೂ ಬರಲ್ಲ.”

“ಸತ್ತ ಮೇಲೆ ಬರೋದು ಬೇಡ. ಮುಂಚೇನೇ ಬಾ.”

ಆ ವಾರ ಅವಳು ಕುಂಚ ಮುಟ್ಟಲಿಲ್ಲ. ಕುಂಚ ಹಿಡಿದರೆ ಮಗುವಿನ ಮೇಲಿನ ಬಿಳಿ ಚುಕ್ಕೆ ಕಣ್ಣಿಗೆ ಬೀಳುತ್ತಿತ್ತು. ಹಲ್ಲಿನ ಡಾಕ್ಟರು ಆ ಬೆಂಚನ್ನು ಒಂದು ಲೋಟದಿಂದ ಮುಚ್ಚಿಟ್ಟ, ಆಮೇಲೆ ಅದೂ ಸರಿ ಕಾಣದೆ ಲೋಟವನ್ನು ತೆಗೆದ.

ಗಾರ್ಡು ಬಂದ ದಿನ ಚಿಕ್ಕಮ್ಮ ಕಾಣಿಸಲಿಲ್ಲ. ಅವರು ಎಂದಿನಂತೆ ಕೂತು, ಕಣ್ಣು ಮುಚ್ಚಿ, “ಪಕ್ಕದಲ್ಲಿದ್ದದ್ದು ಒಬ್ಬಳು ಹುಡುಗಿ,” ಎಂದು ಶುರು ಮಾಡುವಷ್ಟರಲ್ಲಿ ಚುಕ್ಕಿ ತಡೆದಳು.

“ಯಜಮಾನ್ರೇ, ಆ ಮಗು ಸಾಯಲಿಲ್ಲ.”

“ಇರಬಹುದು ತಾಯಿ. ನನ್ನ ಮನಸ್ಸು ಹಿಡಿಯೋಕೆ ಎಲ್ಲರೂ ಏನೇನೋ ಹೇಳ್ತಾರೆ. ಕೈ ಪ್ಲಾಸ್ಟರು ಬಿಚ್ಚಿದ ಮೇಲೆ ನಾನು ಆ ದಿಬ್ಬಕ್ಕೆ ಹೋಗಿದ್ದೆ. ಕೋಲಲ್ಲಿ ಒಂದೊಂದು ಪೊದೆ ಬಿಡಿಸಿ ನೋಡಿದೆ. ಆ ವರ್ಷ ಅಲ್ಲ, ಬಹಳ ವರ್ಷ. ನಮ್ಮ ಸೊಸೆ ಬಂದ ಮೇಲೆ ಅವಳು ಬೈದು ಬಿಡಿಸಿದಳು. ಇಲ್ಲದ ಮಗೂನ ಎಷ್ಟು ದಿನ ಹುಡುಕ್ತೀರಿ ಮಾವ ಅಂತ.”

“ಸಾಯಲಿಲ್ಲ. ಇಲ್ಲೇ ಇದೆ. ನಿಮ್ಮ ಮುಂದೆ ಕೂತಿದೆ.”

ಅವಳು ತಲೆ ಬಗ್ಗಿಸಿ ಹಣೆಯ ಕೂದಲು ಸೀಳಿ ಹಿಡಿದಳು. ಗಾರ್ಡು ಕನ್ನಡಕ ಹುಡುಕಿದರು. ಅದು ಅವರ ಮೂಗಿನ ಮೇಲೆಯೇ ಇತ್ತು. ಬಗ್ಗಿದರು. ಬುಡದ ಬಿಳಿಯನ್ನು ನೋಡಿದರು. ಕೈ ಎತ್ತಿದರು, ಮುಟ್ಟದೆ ಇಳಿಸಿದರು. ಹಲ್ಲಿನ ಡಾಕ್ಟರು ಗಾಬರಿಯಾಗಿ ನೀರು ತಂದ. ಅವರು ಲೋಟ ಹಿಡಿದುಕೊಂಡರು, ಕುಡಿಯಲಿಲ್ಲ.

ಕೊನೆಗೆ ಅವರು ಕೇಳಿದ್ದು ಒಂದೇ. “ಎಸೆದಾಗ ನೋವಾಯ್ತಾ?”

“ಇಲ್ಲಿ ಮುರಿದಿತ್ತಂತೆ,” ಎಂದು ಚುಕ್ಕಿ ಕುತ್ತಿಗೆಯ ಬುಡ ತೋರಿಸಿದಳು. “ನನಗೆ ನೆನಪಿಲ್ಲ.”

“ಒಂದೇ ಕೈ ಇತ್ತು ತಾಯಿ. ಎರಡಿದ್ದಿದ್ರೆ ಮೆತ್ತಗೆ ಎಸೀತಿದ್ದೆ. ತಪ್ಪಾಯ್ತು.”

ಆಗ ಚುಕ್ಕಿಗೆ ಅಳು ಬಂತು. ವಾರವಿಡೀ ಬಾರದ್ದು ಒಂದೇ ಸಲಕ್ಕೆ ಬಂತು. ಅವಳು ಅವರ ಇಳಿದ ಭುಜಕ್ಕೆ ಹಣೆಯಿಟ್ಟು ಅತ್ತಳು. ಅವರು ಲೋಟ ಹಿಡಿದ ಕೈಯನ್ನು ಅಲ್ಲಾಡಿಸದೆ ಕೂತಿದ್ದರು. ಬಾಗಿಲು ಯಾವಾಗ ತೆರೆಯಿತೋ ಯಾರೂ ನೋಡಲಿಲ್ಲ. ಚಿಕ್ಕಮ್ಮ ಒಳಗೆ ಬಂದು ಗೋಡೆಗಾತು ನಿಂತಿದ್ದಳು.

“ನಾನೇ ಆ ಹುಡುಗಿ,” ಎಂದಳು. “ಹೇಳಿ. ಅವಳ ಮುಂದೆಯೇ ಹೇಳಿ. ನಾನು ಮಾಡಿದ್ದು ನೀವು ನೋಡಿದೀರಿ.”

ಗಾರ್ಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇವತ್ತಿಗೆ ಇನ್ನೆಷ್ಟು ಬಾಕಿಯಿದೆ ಎಂದು ಕೇಳುವವರಂತೆ ಒಮ್ಮೆ ಹಲ್ಲಿನ ಡಾಕ್ಟರ ಕಡೆಗೂ ನೋಡಿದರು.

“ನೋಡಿದೆ,” ಎಂದರು. “ನೀವು ಹಾರಿದ್ರಿ. ಉರುಳಿದ್ರಿ. ಎದ್ದು ನಿಂತ್ರಿ. ನಿಮ್ಮಕ್ಕ ಮಗೂನ ನನ್ನ ಕೈಗೆ ಕೊಟ್ಟಾಗ ಎಲ್ಲಿ ಎಸೀಬೇಕು ಅಂತ ನನಗೆ ತಿಳೀಲಿಲ್ಲಮ್ಮ. ಒಂದು ಕಡೆ ಬಂಡೆ, ಒಂದು ಕಡೆ ಕಣಿವೆ. ಆಕೆ ಕೈ ಮಾಡಿ ತೋರಿಸಿದಳು. ನೀವು ಎದ್ದು ನಿಂತದ್ದನ್ನ ಆಕೆ ನೋಡಿದ್ದಳು. ‘ಅಲ್ಲಿಗೆ, ನನ್ನ ತಂಗಿ ಹತ್ರ ಎಸೀರಿ’ ಅಂದಳು. ತಂಗಿ ಅವತ್ತು ಮನೇಲೇ ಇದ್ದಳು ಅಂತ ಆಮೇಲೆ ವಿಚಾರಣೆಯವರು ನನ್ನನ್ನೇ ಸುಳ್ಳು ಮಾಡಿದ್ರು. ನೀವು ಹಾರದೆ ಇದ್ದಿದ್ರೆ ಅಲ್ಲಿ ಮೆತ್ತಗಿದೆ ಅಂತ ಯಾರಿಗೆ ಗೊತ್ತಾಗ್ತಿತ್ತು?”

ಚಿಕ್ಕಮ್ಮ ಗೋಡೆಯ ಮೇಲೆ ಒಂದು ಕೈಯೂರಿ, ಯಾರೋ ಹಿಂದಿನಿಂದ ತಳ್ಳಿದ ಹಾಗೆ ಒಂದು ಹೆಜ್ಜೆ ಮುಂದೆ ಬಂದು ನಿಂತಳು.

“ಅಕ್ಕ ನನ್ನ ನೋಡಿದಳಾ?”

“ನೋಡಿದಳು.”

“ಸಿಟ್ಟಿತ್ತಾ ಮುಖದಲ್ಲಿ?”

“ಅದಕ್ಕೆಲ್ಲ ಪುರುಸೊತ್ತೆಲ್ಲಿತ್ತಮ್ಮ,” ಎಂದರು ಗಾರ್ಡು. “ಎಸೀರಿ ಅಂದಳು ಅಷ್ಟೇ. ದನಿ ಗಟ್ಟಿಯಾಗಿತ್ತು.”

ಚಿಕ್ಕಮ್ಮ ಖುಷಿಯಾದವಳಂತೆಯೂ ಕಾಣಲಿಲ್ಲ, ಹಗುರಾದವಳಂತೆಯೂ ಕಾಣಲಿಲ್ಲ. ಇಷ್ಟು ವರ್ಷ ತಾನು ಹೊತ್ತ ಮೂಟೆಯೊಳಗೆ ಏನಿದೆಯೆಂದು ಬಿಚ್ಚಿ ನೋಡಿದಾಗ ಬೇರೇನೋ ಇದ್ದದ್ದು ಕಂಡವಳ ಹಾಗೆ, ಸುಮ್ಮನೆ ದಿಗಿಲುಬಿದ್ದು ನಿಂತಿದ್ದಳು. ಚುಕ್ಕಿ ಕುರ್ಚಿ ಎಳೆದುಕೊಟ್ಟಳು. ಅವಳನ್ನು ಕ್ಷಮಿಸಿದೆನೋ ಇಲ್ಲವೋ ಎಂದು ಚುಕ್ಕಿಗೇ ಗೊತ್ತಿರಲಿಲ್ಲ. ಕುರ್ಚಿ ಕೊಡಬೇಕೆಂಬುದು ಗೊತ್ತಿತ್ತು.

ಬೆಂಚಿನಲ್ಲಿ ಉಳಿದಿದ್ದ ಹುಡುಗಿಯ ಬೊಂಬೆಯನ್ನು ಅವತ್ತೇ ಮುಗಿಸಿದರು. ಗಾರ್ಡು ಅವಳ ಲಂಗ ನೀಲಿ ಎಂದರು. ಹಸಿರು ಎಂದಳು ಚಿಕ್ಕಮ್ಮ. ನಾನು ಕಣ್ಣಾರೆ ಕಂಡಿದ್ದೇನೆ ಎಂದರು ಅವರು. ನಾನು ಉಟ್ಟಿದ್ದೆ ಎಂದಳು ಅವಳು. ಹಸಿರೇ ಆಯಿತು.

ಮಾದರಿ ಮುಗಿದಾಗ ಮೂವರೂ ಸೇರಿ ಅದನ್ನು ಗಾರ್ಡರ ಮನೆಗೆ ಒಯ್ದರು. ಗಾಜಿನ ಪೆಟ್ಟಿಗೆಯನ್ನು ಹಲ್ಲಿನ ಡಾಕ್ಟರು ತೊಡೆಯ ಮೇಲಿಟ್ಟುಕೊಂಡು, ಗಾಡಿ ಪ್ರತಿ ಗುಂಡಿಗೆ ಇಳಿದಾಗಲೂ ಉಸಿರು ಹಿಡಿಯುತ್ತಿದ್ದ. ಚುಕ್ಕಿ ಕಪ್ಪು ಹಚ್ಚುವುದನ್ನು ಬಿಟ್ಟು ಆಗಲೇ ಒಂದಷ್ಟು ತಿಂಗಳಾಗಿತ್ತು. ಹಣೆಯ ಮೇಲೆ ಬಿಳಿ ಗೊಂಚಲು ಎರಡು ಬೆರಳುದ್ದ ಇಳಿದಿತ್ತು.

ಬಾಗಿಲು ತೆರೆದವಳು ಸೊಸೆ. ಕೈಯಲ್ಲಿ ಒರೆಸುವ ಬಟ್ಟೆ, ಮುಖದಲ್ಲಿ ಕೆಲಸದ ಅವಸರ. “ಮಾವ ಸ್ನಾನಕ್ಕೆ ಹೋಗಿದಾರೆ. ಅದೇ ರೈಲು ತಾನೆ? ಅಲ್ಲಿ ಇಡಿ. ಅವರು ಆ ಮಗು ಸಿಕ್ಕಿತು ಅಂತ ಬೇರೆ ಹೇಳ್ತಿದಾರೆ. ವಯಸ್ಸಾಯ್ತು, ನಾವೂ ಹೂಂ ಅಂತೀವಿ. ನೀವು ಬೇಜಾರು ಮಾಡ್ಕೋಬೇಡಿ,” ಎನ್ನುತ್ತ ಒಳಗೆ ಕರೆದಳು.

ಬೆಳಕಿನಲ್ಲಿ ಅವಳು ಚುಕ್ಕಿಯನ್ನು ಸರಿಯಾಗಿ ನೋಡಿದಳು. ಹಣೆಯನ್ನು ನೋಡಿದಳು. ಗಾಜಿನೊಳಗೆ ಮೂರನೇ ಬೆಂಚನ್ನು ಬಗ್ಗಿ ನೋಡಿದಳು, ಮತ್ತೆ ಹಣೆಯನ್ನು ನೋಡಿದಳು. ಒರೆಸುವ ಬಟ್ಟೆ ಕೈಜಾರಿ ಬಿತ್ತು. ಅವಳು ಚುಕ್ಕಿಯ ತೋಳನ್ನು ಒಂದು ಬೆರಳಲ್ಲಿ ಒತ್ತಿ ನೋಡಿದಳು, ಅನ್ನ ಬೆಂದಿತೋ ಇಲ್ಲವೋ ಎಂದು ನೋಡುವವರ ಹಾಗೆ.

“ನಾನೇ ಅವರನ್ನ ಆ ದಿಬ್ಬಕ್ಕೆ ಹೋಗದ ಹಾಗೆ ಮಾಡಿದವಳು,” ಎಂದಳು ಮೆಲ್ಲಗೆ. “ಹುಚ್ಚು ಅಂದಿದ್ದೆ.”

“ಅಲ್ಲಿ ನಾನು ಸಿಗ್ತಿರಲಿಲ್ಲ ಬಿಡಿ,” ಎಂದಳು ಚುಕ್ಕಿ.

ಸೊಸೆ ಅವಳ ತೋಳು ಬಿಡಲಿಲ್ಲ. ನಲವತ್ತು ದಾಟಿದ ಆ ಹೆಂಗಸನ್ನು ಎಲ್ಲಿ ಮತ್ತೆ ಕಳೆದುಹೋಗುತ್ತಾಳೋ ಎಂಬಂತೆ ಹಿಡಿದುಕೊಂಡೇ, ಒಳಮನೆಯ ಕಡೆ ತಿರುಗಿ ಗಂಡನನ್ನು ಕೂಗಿದಳು:

“ರೀ, ಬೇಗ ಬನ್ನಿ ಇಲ್ಲಿ. ಮಗು ಬಂದಿದೆ.”